ಭುಜದ ನೋವಿಗೆ ಕೊಳಲು ಸಾಲದು

ಆಸ್ಪತ್ರೆಯಲ್ಲಿ ಹಾಡು ಹೇಳಿಸುವ ಕೆಲಸಕ್ಕೆ ಸೇರಿದ ಮೇಲೆ ನಗದೆ ಮನೆಗೆ ಹೋದ ಗುರುವಾರವೇ ನನಗಿಲ್ಲ. ವರ್ಷಗಟ್ಟಲೆ ನೋವು ತಿಂದವರು ವಾರಕ್ಕೊಮ್ಮೆ, ಗುರುವಾರ, ರಾಮನಗರದ ನಮ್ಮ ಕೋಣೆಗೆ ಬರುತ್ತಾರೆ. ಸಂಗೀತದಿಂದ ನೋವು ಓಡಿಹೋಗುವುದಿಲ್ಲ, ಸ್ವಲ್ಪ ದೂರ ಕೂರುತ್ತದೆ ಅಷ್ಟೆ ಅಂತ ಮೊದಲೇ ಹೇಳಿರುತ್ತೇನೆ. ಎಲ್ಲರೂ ಒಪ್ಪಿದರು. ರೇಷ್ಮೆ ನೂಲು ತೆಗೆಯುತ್ತಿದ್ದ ಸಾಹೇಬರು ಮಾತ್ರ, "ಭುಜದ ನೋವಲ್ಲಿ ನಿದ್ದೆ ಹೋಗೈತೆ ಮೇಡಂ. ಅದು ಬರ್ನಿಲ್ಲ ಅಂದ್ರೆ ನಾನೂ ಬರಕ್ಕಿಲ್ಲ," ಅಂದುಬಿಟ್ಟರು.

ಹುಳುಗಳ ಮರ್ಯಾದೆ

ಹೊಂಗನೂರಿನ ಅಜ್ಜಿಗೆ ಸೊಂಟ ನೋವು. ದಿನಾ ಮನೆಯಲ್ಲಿ ಗಟ್ಟಿಯಾಗಿ ಹಾಡಿ ಅಂದಿದ್ದೆ. ಮುಂದಿನ ವಾರ ವಿಚಾರಿಸಿದೆ.

"ಎಲ್ಲಿ ಹಾಡಾದು ಮೇಡಮ್ಮಾ? ರೇಷ್ಮೆಹುಳ ಪೊರೆ ಬುಡಕ್ಕೆ ಕುಂತವೆ. ಈಗ ಗಲಾಟೆ ಮಾಡಬಾರ್ದು."

"ಮೆಲ್ಲಗೆ ಗುನುಗಬಹುದಿತ್ತಲ್ಲ?"

"ಗುನುಗ್ದೆ. ನೀವು ಫೋನಿಗೆ ಕಳ್ಸಿದ್ದ ನಿಮ್ಮ ಹಾಡ ಮಾತ್ರ ಹಾಕ್ನಿಲ್ಲ. ಅದ ಕೇಳಿದ್ರೆ ಹುಳ ಗೂಡು ಕಟ್ಟಾದೇ ಬುಟ್ಬುಡ್ತವೆ!"

ಸಂಗೀತದ ಪರೀಕ್ಷೆಯಲ್ಲೂ ನನಗೆ ಇಂಥ ಮಂಗಳಾರತಿ ಆಗಿರಲಿಲ್ಲ.

ಗಿಲಕಿ ಪ್ರಸಂಗ

ಚನ್ನಪಟ್ಟಣದ ಬೊಂಬೆ ಮಾಡುವವರೊಬ್ಬರಿಗೆ ಬೆರಳ ಗಂಟುಗಳಲ್ಲಿ ನೋವು. ತಾಳಕ್ಕೆ ಮೆಲ್ಲಗೆ ಆಡಿಸಲಿ ಅಂತ ಮರದ ಗಿಲಕಿ ಕೊಟ್ಟೆ. ಅವರು ಅದನ್ನು ಆಡಿಸಲೇ ಇಲ್ಲ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಯಾವನು ಮಾಡಿದ್ದು ಇದ? ಅರಗಿನ ಬಣ್ಣ ಸರಿಯಾಗಿ ಕೂತಿಲ್ಲ."

ಕೋಣೆಯ ಗಿಲಕಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಟೇ ಹೋದರು. ಮುಂದಿನ ವಾರ ಗಿಲಕಿಗಳು ಥಳಥಳ ಹೊಳೆಯುತ್ತಿದ್ದವು, ಬೆರಳುಗಳು ಊದಿಕೊಂಡಿದ್ದವು.

"ಈಗ ನಿಜವಾಗ್ಲೂ ನೋಯ್ತಾ ಐತೆ ಮೇಡಂ," ಅಂದರು. "ಶುರು ಮಾಡಿ ಪಾಠವ."

ಸಾಹೇಬರ ನಿದ್ದೆ

ಇತ್ತ ಸಾಹೇಬರಿಗೆ ಕೊಳಲು, ವೀಣೆ ಎಲ್ಲ ಕೇಳಿಸಿದೆ. ಕೊಳಲು ಮುಗಿಯುವಷ್ಟರಲ್ಲಿ ಪಕ್ಕದಲ್ಲಿದ್ದ ಅವರ ಹೆಂಡತಿ ತೂಕಡಿಸುತ್ತಿದ್ದರು. ಸಾಹೇಬರು ಮಾತ್ರ ಕಣ್ಣು ಬಿಟ್ಟುಕೊಂಡು ಭುಜ ಹಿಡಿದು ಕೂತಿದ್ದರು. ನನಗೆ ಅಳುವೇ ಬಂತು. ಸೋತು, "ನಿಮ್ಮ ಮನಸ್ಸಿಗೆ ನೆಮ್ಮದಿ ಕೊಟ್ಟ ಸದ್ದು ಯಾವುದು?" ಅಂತ ಕೇಳಿದೆ.

"ನಮ್ಮ ನೂಲಿನ ಯಂತ್ರದ್ದು. ಅದು ಒಂದೇ ಸಮ ತಿರುಗ್ತಾ ಇದ್ರೆ ಎಳೆ ಸರಿಯಾಗಿ ಬತ್ತೈತೆ ಅಂತ ಅರ್ಥ. ಪಕ್ಕದಲ್ಲೇ ಒರಗಿಬುಡ್ತಿದ್ದೆ."

ಅವರ ಹಳೇ ಸ್ನೇಹಿತರ ನೂಲು ತೆಗೆಯುವ ಘಟಕಕ್ಕೆ ಹೋಗಿ ಆ ಸದ್ದನ್ನು ಫೋನಿನಲ್ಲಿ ಹಿಡಿದು ತಂದೆ. ಹಾಕಿದ ಸ್ವಲ್ಪ ಹೊತ್ತಿಗೆ ಸಾಹೇಬರ ಭುಜ ಇಳಿಯಿತು, ಗೊರಕೆ ಏರಿತು. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೂ ಸಂತೋಷ ತಡೆಯಲಾಗಲಿಲ್ಲ. ಮಲಗಲಿ ಪಾಪ ಅಂತ ಸದ್ದು ನಿಲ್ಲಿಸಿದೆ.

ಸಾಹೇಬರು ಧಡಕ್ಕನೆ ಎದ್ದು ಕೂಗಿದರು: "ಯಾವನ್ಲಾ ಅದು ಯಂತ್ರ ನಿಲ್ಸಿದ್ದು? ಎಳೆ ಕಿತ್ಕೊಂಡೈತೆ ನೋಡ್ರಲಾ!"

ಆ ಸದ್ದನ್ನು ಅವರ ಫೋನಿಗೂ ಹಾಕಿಕೊಟ್ಟು, ಮನೆಯಲ್ಲಿ ರಾತ್ರಿಯಿಂದ ಬೆಳಗಿನವರೆಗೂ ಯಂತ್ರ ತಿರುಗುತ್ತಲೇ ಇರಲಿ ಅಂತ ಹೇಳಿದೆ. ಮುಂದಿನ ಗುರುವಾರ ಸಾಹೇಬರು ಮುಖ ಅರಳಿಸಿಕೊಂಡು ಬಂದರು. ಹಿಂದೆಯೇ ಅವರ ಹೆಂಡತಿ, ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು.

"ಇವರಿಗೆ ಒಳ್ಳೇ ನಿದ್ದೆ ಬತ್ತೈತೆ ಮೇಡಂ. ಆ ಯಂತ್ರ ಮಾರಿದ ದಿನ ನಾನು ಬೀದಿಗೆಲ್ಲ ಸಿಹಿ ಹಂಚಿದ್ದೆ. ನೀವು ಅದ ತಂದು ನನ್ನ ದಿಂಬಿನ ಪಕ್ಕ ಇಟ್ರಿ!" ಅಂದವರು, ಗಂಡನನ್ನು ಪಕ್ಕಕ್ಕೆ ಸರಿಸಿ ಅವರ ಕುರ್ಚಿಯಲ್ಲೇ ಕೂತರು.

"ಅವತ್ತು ಕೊಳಲು ಹಾಕಿದ್ರಲ್ಲ, ಅದ ಈಗ ನನಗೆ ಹಾಕಿ."