ಏಕಾದಶಿ ಹಿಡಿದ ಮೀನು

ದೊಡ್ಡ ಕೆಲಸದವರಿಗೆ ಒಂದು ಚಿಕ್ಕ ಕೆಲಸ ಕೊಟ್ಟು ನೋಡಬೇಕು, ಬಣ್ಣ ಬಯಲಾಗುತ್ತದೆ. ನಾನು ಹೊಸಪೇಟೆಯಲ್ಲಿ ನೀರಾವರಿ ಇಂಜಿನಿಯರು. ಕಂಪ್ಲಿ ಕಡೆಯ ಗದ್ದೆಗಳಿಗೆ ನೀರು ಬಿಡಿಸುವವನು. ಕಾಲುವೆ ಏರಿಯ ಮೇಲೆ ನಿಂತರೆ ರೈತರು “ಸಾಹೇಬ್ರ, ಸಾಹೇಬ್ರ” ಅಂತ ಹಿಂದೆ ಬರುತ್ತಾರೆ. ಅಂಥ ನನಗೆ ಪಡಸಾಲೆಯಲ್ಲಿದ್ದ ಮೂರಡಿಯ ಗಾಜಿನ ತೊಟ್ಟಿಯೊಂದು ಮಣ್ಣು ಮುಕ್ಕಿಸಿತು.

ತೊಟ್ಟಿ ನನ್ನದಲ್ಲ, ಹೆಂಡತಿಯ ತವರಿನದು. ಅವಳ ತಮ್ಮ ಪ್ರಾಣೇಶ ಗೋವಾದ ಬಂದರಿನಲ್ಲಿ ಕೆಲಸಕ್ಕಿದ್ದ. ಸಂಡೂರಿನ ಅದಿರು ಹೊತ್ತು ಬಂದ ಲಾರಿ ಬರಿದೇ ಯಾಕೆ ಮರಳಬೇಕೆಂದು ಅಕ್ಕನಿಗೆ ಒಂದು ಸಮುದ್ರವನ್ನೇ ಹೇರಿ ಕಳಿಸಿದ. ಕ್ಯಾನುಗಟ್ಟಲೆ ಉಪ್ಪುನೀರು, ಹೂವಿನ ಹಾಗೆ ಅರಳುವ ಹವಳ ಅಂಟಿದ ಕಲ್ಲು, ಜೊತೆಗೆ ಒಂದು ಕೇಸರಿ ಬಣ್ಣದ ಮೀನು. ವೈಷ್ಣವರ ಮನೆಯೊಳಗೆ ಮೀನೇ ಎಂದು ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಮತ್ಸ್ಯಾವತಾರ ಅಮ್ಮ” ಎಂದೆ. ಕನ್ನಡಕ ಏರಿಸಿ ಹತ್ತಿರ ಹೋಗಿ ನೋಡಿದಳು. ಮೀನಿನ ಮೈಮೇಲೆ ಮೂರು ಬಿಳಿ ಪಟ್ಟೆ. “ವಿಭೂತಿ ಹಚ್ಚಿಕೊಂಡದಲ್ಲೋ! ಇದ್ಯಾವ ಅವತಾರ?” ಅಷ್ಟರಲ್ಲಿ ಮೀನು ಬಾಯಿ ತೆರೆದು ಮುಚ್ಚಿತು. ಅಮ್ಮ ಕರಗಿಹೋದಳು. “ಪಾಪ, ಹಸಿದದ.”

ಅಲ್ಲಿಗೆ ಶುರುವಾಯಿತು ನೋಡಿ. ಮೀನು ಉಸಿರಾಡುವುದೇ ಹಾಗೆ. ಆದರೆ ನಮ್ಮ ಮನೆಯಲ್ಲಿ ಬಾಯಿ ತೆರೆದವರಿಗೆ ಉಣಿಸದೆ ಬಿಟ್ಟದ್ದೇ ಇಲ್ಲ. ಆಕಳಿಸಿದವರ ಮುಂದೆಯೂ ಅಮ್ಮ ತಟ್ಟೆ ಇಡುತ್ತಾಳೆ. ಮುಂಜಾನೆ ನೈವೇದ್ಯದ ಅವಲಕ್ಕಿ ಮೀನಿಗೊಂದು ಹಿಡಿ, ಮಡಿಯಲ್ಲಿದ್ದರೆ ದೂರದಿಂದಲೇ ಎಸೆತ. ಮರಿಯಮ್ಮನಹಳ್ಳಿಯ ಚಿಕ್ಕಮ್ಮ ಬಂದರೆ ಕೊಬ್ಬರಿ. ಪಕ್ಕದ ಮನೆಯವರು ಬಂದರೆ ಚಕ್ಕುಲಿ ಪುಡಿ. ನಾನೇನು ಕಡಿಮೆಯೇ? ನೀರು ಇಂಗಿದಷ್ಟೂ ಬ್ಯಾಟರಿ ನೀರು, ಅಂದರೆ ಭಟ್ಟಿ ಇಳಿಸಿದ ನೀರು, ಹಾಕಿರೆಂದು ಪ್ರಾಣೇಶ ಹೇಳಿದ್ದ. ‘ತುಂಗಾ ಪಾನ, ಗಂಗಾ ಸ್ನಾನ’ ಅನ್ನುವ ನಾಡಿನಲ್ಲಿ ಲಾರಿ ಬ್ಯಾಟರಿಗೆ ಹಾಕುವ ನೀರೇ? ನನಗೆ ಅವಮಾನವಾಯಿತು. ಕಂಪ್ಲಿ ಕಡೆ ತಪಾಸಣೆಗೆ ಹೋದಾಗಲೆಲ್ಲ ಜೀಪಿನಲ್ಲಿ ನನ್ನ ಕಾಲುವೆಯ ನೀರನ್ನೇ ತಂದು ಸುರಿದೆ.

ಗಾಜಿನ ಮೇಲೆ ತೆಳ್ಳಗೆ ಹಸಿರು ಮೂಡಿದಾಗ ಹೆಂಡತಿಯ ಮುಂದೆ ಬೀಗಿದ್ದೂ ನಾನೇ. “ನೋಡು, ನಮ್ಮ ನೀರು ಹೋದಲ್ಲೆಲ್ಲ ಹಸಿರು!” ಆಮೇಲೆ ಅದು ಕೂದಲಿನಂತೆ ಬೆಳೆದು ಹವಳವನ್ನು ನುಂಗಿತು. ತೆಂಗಿನ ನಾರು ಹಿಡಿದು ತಿಕ್ಕಿದೆ. ಹಜಾಮತಿ ಮಾಡಿದ ಗಡ್ಡದಂತೆ ಮತ್ತೆ ಬಂತು. ಕೊನೆಗೆ ಮೀನೇ ಕಾಣದಾಯಿತು. ಸರಿಯಾಗಿ ಆಗಲೇ, ದೀಪಾವಳಿಗೆ ಬರುತ್ತೇನೆಂದು ಪ್ರಾಣೇಶ ಹೇಳಿಕಳಿಸಿದ.

ಹೆಂಡತಿ ತಣ್ಣಗೆ ಹೇಳಿದಳು. “ನಮ್ಮ ತವರುಮನಿಯಿಂದ ಬಂದ ಜೀವ ಅದು. ಅದೇನಾರ ಸತ್ತಿದ್ರ, ತಮ್ಮನ ಜೊತಿಗೆ ನಾನೂ ಗೋವಾ ಬಸ್ಸು ಹತ್ತತೀನಿ. ನೀವು, ನಿಮ್ಮ ಪಾಚಿ, ಇಬ್ಬರೂ ಸುಖವಾಗಿರ್ರಿ.” ಆಡಿದ್ದನ್ನು ಮಾಡುವ ಹೆಂಗಸು ಅವಳು.

ಪ್ರಾಣೇಶ ಬಂದವನು ತೊಟ್ಟಿ ನೋಡಿ ಹೊಸ್ತಿಲಲ್ಲೇ ನಿಂತ. “ಭಾವ, ನಾ ಸಮುದ್ರ ಕಳಿಸಿದ್ದೆ. ನೀವು ಭತ್ತ ನಾಟಿ ಮಾಡೀರೇನು?” ತೋಳು ಏರಿಸಿ, ಕೈ ಹಾಕಿ, ಹಿಡಿ ಹಿಡಿ ಪಾಚಿ ಕಿತ್ತು ಬಕೆಟ್ಟಿಗೆ ಹಾಕಿದ. ಹೆಂಡತಿ ಬಕೆಟ್ಟಿನೊಳಗೆ ಮೀನು ಹುಡುಕುತ್ತಿದ್ದಳು. ನಾನು ಗೋವಾ ಬಸ್ಸಿನ ಹೊತ್ತು ನೆನೆಸಿಕೊಳ್ಳುತ್ತಿದ್ದೆ. ಕಲ್ಲಿನ ಸಂದಿಯಿಂದ ಕೇಸರಿ ಮೂತಿಯೊಂದು ಹೊರಬಂತು. ಬಾಯಿ ತೆರೆಯಿತು, ಮುಚ್ಚಿತು.

“ಪಾಪ, ಹಸಿದದ!” ಅಮ್ಮ ಅಡುಗೆಮನೆಗೆ ಹೊರಟಳು.

“ನಿಲ್ರಿ ಅಮ್ಮಾ!” ಪ್ರಾಣೇಶ ಕೂಗಿದ. “ಅದು ತಿನ್ನಲಾರದೆ ಬಿಟ್ಟದ್ದು ಕೊಳೀತದ, ಪಾಚಿಗೆ ಅದ ಗೊಬ್ಬರ. ಸಾಲದ್ದಕ್ಕ ಭಾವ ಗದ್ದಿ ಯೂರಿಯಾ ತೊಳಕೊಂಡು ಬಂದ ನೀರು ಬ್ಯಾರೆ ಹಾಕ್ಯಾರ. ಇನ್ನ ದಿನಾ ಊಟ ಬ್ಯಾಡ. ದಿನ ಬಿಟ್ಟು ದಿನ, ಒಂದು ಚೂರು ಸಾಕು.”

“ಮನ್ಯಾಗಿಟ್ಟುಕೊಂಡು ಉಪವಾಸ ಕೆಡವಿದ್ರ ಆ ಪಾಪ ಯಾರಿಗೆ?” ಅಮ್ಮ ಪಟ್ಟು ಬಿಡಲಿಲ್ಲ.

ಆಗ ನನ್ನ ಹೆಂಡತಿ ನಡುವೆ ಬಂದಳು. “ಉಪವಾಸ ಅಲ್ಲ ಅತ್ತಿ, ಏಕಾದಶಿ. ಸಮುದ್ರದ ಮೀನಿಗೆ ಭಾಳ ಏಕಾದಶಿ ಇರ್ತಾವಂತ.”

ಅಮ್ಮನ ಮುಖ ಅರಳಿತು. “ಮೊದಲ ಹೇಳಬಾರದೇನ? ವಿಭೂತಿ ಹಚ್ಚಿದ್ರೂ ಏಕಾದಶಿ ಮಾಡ್ತದಂದ್ರ, ಒಳ್ಳೆ ಮನಿತನದ ಮೀನು!” ಅಂದಿನಿಂದ ಅಮ್ಮನೇ ಕಾವಲು. ಚಿಕ್ಕಮ್ಮನ ಕೊಬ್ಬರಿ ಬಾಗಿಲಲ್ಲೇ ಜಪ್ತಿ. ಬ್ಯಾಟರಿ ನೀರು ಕುಡಿದು, ಉಪವಾಸ ಮಾಡಿ, ತೊಟ್ಟಿ ತಿಳಿಯಾಯಿತು. ಪಾಚಿ ಸೊರಗಿತು, ಹವಳ ಅರಳಿತು. ಹೆಂಡತಿ ಅದನ್ನು ಕಣ್ತುಂಬ ನೋಡಿದಳು. ಆಮೇಲೆ ನನ್ನ ಹೊಟ್ಟೆಯನ್ನು ನೋಡಿದಳು. “ಬೇಕಾದ್ದಕ್ಕಿಂತ ಹೆಚ್ಚು ಹಾಕಿದ್ರ ಏನಾಗ್ತದ ಅಂತ ಕಂಡಿವಲ್ರಿ” ಎಂದಳು. ಅಲ್ಲಿಂದ ನನಗೂ ಏಕಾದಶಿಗಳು ಹೆಚ್ಚಾದವು. ಅಮ್ಮನಾದರೂ ಅಡ್ಡ ಬಂದಾಳೆಂದುಕೊಂಡೆ. “ಪುಣ್ಯ ಬರ್ತದ ತಗೋ” ಎಂದು ಆಶೀರ್ವಾದ ಮಾಡಿಬಿಟ್ಟಳು.

ಅಂಥದ್ದೇ ಒಂದು ಏಕಾದಶಿಯ ಸಂಜೆ ಅತ್ತೆ ಸೊಸೆ ಇಬ್ಬರೂ ಪುರಾಣ ಕೇಳಲು ಹೋಗಿದ್ದರು. ನಾನು ಬಿಸಿ ಮಿರ್ಚಿ ಬಜ್ಜಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದು ತೊಟ್ಟಿಯ ಪಕ್ಕ ಕೂತೆ. ಮೀನು ಗಾಜಿನ ಹತ್ತಿರ ಬಂದು ಬಾಯಿ ತೆರೆದು ಮುಚ್ಚಿತು. ಅದು ಉಸಿರಾಟವೆಂದು ನನಗೆ ಗೊತ್ತು. ಆದರೇನು ಮಾಡಲಿ, ನಾನೂ ಅದೇ ತಾಯಿಯ ಮಗ! ಒಂದು ಹಿಡಿ ಮಂಡಕ್ಕಿ ಎಸೆದೆ. ಮೀನು ಅದನ್ನು ಮೂಸಿ, ಮುಖ ತಿರುಗಿಸಿ ಕಲ್ಲಿನ ಹಿಂದೆ ಹೋಯಿತು. ಅದೇ ಹೊತ್ತಿಗೆ ಪುರಾಣ ಮುಗಿದು ಇಬ್ಬರೂ ಬಾಗಿಲಲ್ಲಿ ನಿಂತಿದ್ದರು.

ಅಮ್ಮ ತೇಲುತ್ತಿದ್ದ ಮಂಡಕ್ಕಿಯನ್ನು ನೋಡಿದಳು, ನನ್ನ ಕೈಯಲ್ಲಿದ್ದ ಮಿರ್ಚಿಯನ್ನು ನೋಡಿದಳು. “ನೋಡಲೇ, ಮುಂದ ಬಂದು ಬಿದ್ರೂ ಮುಟ್ಟಿಲ್ಲ. ಆ ಮೀನಿಗಿರೋ ನಿಷ್ಠಾ ನಿನಗಿಲ್ಲ!”

ಏನಾದರೂ ಹೇಳಬೇಕೆಂದು ನಾನು ಬಾಯಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. “ಪಾಪ, ಹಸಿದಾನ” ಅಂತ ಒಬ್ಬರೂ ಅನ್ನಲಿಲ್ಲ.