ಒದ್ದೆ ಮೂಲೆಯ ಗಿಡ

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಆಕಳಿಸುತ್ತ ಕುಳಿತಿದ್ದ ಸಸ್ಯಶಾಸ್ತ್ರದ ಮೇಷ್ಟರು ಗುರುಶಾಂತಪ್ಪನವರು "ನಮ್ಮ ಕಮ್ಮನಹಳ್ಳಿ ಬೀದಿಗೆ ನೀರಿನ ಟ್ಯಾಂಕ್ ಬರುತ್ತಂತೆ" ಎಂದು ಬಾಯಿಬಿಟ್ಟಿದ್ದೇ ತಪ್ಪಾಯಿತು. ಟ್ಯಾಂಕ್ ಕಟ್ಟುವ ಬಯಲಿನಲ್ಲಿ ಅಪರೂಪದ ಗಿಡವೇನಾದರೂ ಇದೆಯೇ ಎಂದು ನೋಡಿ ಬರೆದುಕೊಡಲು ನೀರಿನ ಕಚೇರಿಯವರು ಸಸ್ಯಶಾಸ್ತ್ರದ ಮೇಷ್ಟರೊಬ್ಬರನ್ನು ಕಳಿಸಿ ಎಂದು ಕಾಲೇಜನ್ನು ಕೇಳಿದ್ದರು.

"ನಿಮ್ಮ ಮನೆ ಹಿಂದೇನೇ ಅಲ್ವೇನ್ರೀ? ಭಾನುವಾರ ವಾಕಿಂಗ್ ಹೋದ ಹಾಗೆ ಹೋಗಿ ನೋಡ್ಬಿಡಿ," ಎಂದು ಪ್ರಿನ್ಸಿಪಾಲರು ಆ ಕೆಲಸವನ್ನು ಇವರ ಕೊರಳಿಗೇ ಕಟ್ಟಿದರು.

ಎರಡು ವರ್ಷದಿಂದ ಆ ಬೀದಿಯ ನಲ್ಲಿಗಳು ಗಾಳಿಯನ್ನಲ್ಲದೆ ಬೇರೇನನ್ನೂ ಬಿಟ್ಟಿರಲಿಲ್ಲ. ಟ್ಯಾಂಕರಿನ ಹಾರ್ನ್ ಕೇಳಿದರೆ ಊಟವೋ ಸ್ನಾನವೋ ಅರ್ಧಕ್ಕೇ ಬಿಟ್ಟು ಕೊಡ ಹಿಡಿದು ಓಡಬೇಕು. ಹೊತ್ತು ಹೊತ್ತು ಗುರುಶಾಂತಪ್ಪನವರ ಎಡಹೆಗಲು ಬಲಹೆಗಲಿಗಿಂತ ಕೆಳಗಿಳಿದಿತ್ತು. ಈಚೆಗೆ ಅವರು ಕನಸಿನಲ್ಲೂ ಕ್ಯೂ ನಿಲ್ಲುತ್ತಿದ್ದರು.

"ಏನೂ ಇಲ್ಲ ಅಂತ ಬರ್ದು ಬಂದ್ಬಿಡ್ರೀ," ಎಂದರು ಹೆಂಡತಿ ವಿಮಲಾಕ್ಷಿ, ಭಾನುವಾರ ಕಾಫಿ ಕೊಡುತ್ತ. "ನಲ್ಲಿ ತಿರುವಿ ಕೈ ತೊಳ್ಕೋಬೇಕು. ನನಗಿರೋದು ಇದೊಂದೇ ಆಸೆ."

"ಇರದಿದ್ರೆ ಇಲ್ಲ ಅಂತಾನೇ ಬರೀತೀನಿ ಕಣೇ. ಆ ಬಯಲಲ್ಲಿ ಏನಿರುತ್ತೆ ಮಣ್ಣು!"

ಬಯಲಿಗೆ ಹೋದರೆ ನಿಜಕ್ಕೂ ಮಣ್ಣು ಬಿಟ್ಟು ಏನೂ ಇರಲಿಲ್ಲ. ಬೀದಿಯ ಸಂಘದ ಅಧ್ಯಕ್ಷ ರಾಮಯ್ಯನವರು ವಿಮಾನಪುರದ ಕಾರ್ಖಾನೆಯಿಂದ ನಿವೃತ್ತರಾದವರು. ಅಲ್ಲಿಗೆ ಮಂತ್ರಿಗಳು ಬಂದಾಗ ಮಾಡುತ್ತಿದ್ದಂತೆಯೇ ಇಲ್ಲೂ ತಯಾರಿ ನಡೆಸಿದ್ದರು. ಬೆಳಗಾಗುವಷ್ಟರಲ್ಲಿ ಗಿಡಗಂಟಿ ಕೀಳಿಸಿ, ನೆಲ ಗುಡಿಸಿ, ದಾರಿಯ ಎರಡೂ ಬದಿಗೆ ಬ್ಲೀಚಿಂಗ್ ಪೌಡರಿನ ಗೆರೆ ಎಳೆಸಿಬಿಟ್ಟಿದ್ದರು. ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಸೈಕಲ್ ಶಾಪಿನ ಶಮೀಮ್ ಎಳನೀರು ಹಿಡಿದು ನಿಂತಿದ್ದ.

"ಏನ್ರೀ ರಾಮಯ್ಯನವರೇ! ನಾನು ನೋಡ್ಬೇಕಾಗಿದ್ದೇ ಗಿಡಾನಲ್ರೀ!"

"ಇನ್ಸ್‌ಪೆಕ್ಷನ್ ಅಂದ್ಮೇಲೆ ಗ್ರೌಂಡ್ ಕ್ಲೀನಾಗಿರ್ಬೇಡ್ವಾ ಸಾರ್? ಒಂದು ಹುಲ್ಲುಕಡ್ಡೀನೂ ಬಿಟ್ಟಿಲ್ಲ. ಕೂತ್ಕೊಳ್ಳಿ, ಎಳನೀರು ಕುಡೀರಿ, ಸೈನ್ ಹಾಕಿ."

"ಆ ಮೂಲೆ ಒಂದೇ ಉಳೀತು ಸಾಬ್," ಎಂದು ಶಮೀಮ್ ಕೈ ತೋರಿಸಿದ. "ಮೊಣಕಾಲ್ ತನಕ ಕೆಸ್ರು. ನನ್ದು ಒಂದ್ ಚಪ್ಲಿ ಅಲ್ಲೇ ಐತೆ."

ಸುಮ್ಮನೆ ಕುರ್ಚಿಯಲ್ಲಿ ಕೂರಬಹುದಿತ್ತು. ಆದರೆ ಮೇಷ್ಟರನ್ನು ಕಾಲುಗಳು ಆ ಒದ್ದೆ ಮೂಲೆಗೇ ಎಳೆದೊಯ್ದವು. ಬಗ್ಗಿ ಲೆನ್ಸ್ ಹಿಡಿದರು. ನೆಲಕ್ಕಂಟಿದ ಪುಟ್ಟ ಕೆಂಪು ಗಿಡ. ಎಲೆಯ ತುಂಬ ಇಬ್ಬನಿಯಂಥ ಅಂಟುಹನಿ. ಅದರಲ್ಲಿ ಸಿಕ್ಕಿಕೊಂಡ ಒಂದು ಸೊಳ್ಳೆ. ವರ್ಷಗಟ್ಟಲೆ ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಬರೆದು ತೋರಿಸಿದ್ದ ಗಿಡ, ಮನೆಯ ಹಿಂದೆಯೇ ಉಸಿರಾಡುತ್ತಿತ್ತು. ಗುರುಶಾಂತಪ್ಪನವರ ಕಣ್ಣು ತುಂಬಿ ಬಂತು. ಮರುಗಳಿಗೆಯೇ ಎಡಹೆಗಲು ನೋಯತೊಡಗಿತು.

"ಚಪ್ಲಿ ಸಿಕ್ತಾ ಸಾಬ್?"

"ಹುಳ ತಿನ್ನೋ ಗಿಡ ಸಿಕ್ಕಿದೆ ಕಣಪ್ಪಾ. ಈ ಕಡೆ ಎಲ್ಲೂ ಉಳಿದಿಲ್ಲ ಅಂದ್ಕೊಂಡಿದ್ದೆ."

ರಾಮಯ್ಯನವರ ಮುಖ ಬಾಡಿತು. "ಸಾರ್, ನೋಡ್ಲಿಲ್ಲ ಅಂದ್ಕೊಳ್ಳಿ. ಶಮೀಮ್ ಹೋಗಿ ಚಪ್ಲಿ ಹುಡುಕಿದ್ರೆ ಮುಗ್ದೋಗುತ್ತೆ."

"ಯಾರೂ ಕಾಲಿಡ್ಬೇಡಿ!" ಎಂದು ಗದರಿಕೊಂಡ ಮೇಷ್ಟರಿಗೆ ತಮ್ಮ ದನಿ ಕೇಳಿ ತಮಗೇ ಆಶ್ಚರ್ಯವಾಯಿತು. ಕುರ್ಚಿಯಲ್ಲಿ ಕುಳಿತು, ಎಳನೀರು ಮುಗಿಯುವಷ್ಟರಲ್ಲಿ ಒಂದು ದಾರಿ ಕಂಡುಕೊಂಡರು. ಟ್ಯಾಂಕನ್ನು ಒಣ ಭಾಗದಲ್ಲಿ ಕಟ್ಟಬಹುದು. ಒದ್ದೆ ಮೂಲೆಯನ್ನು ಅಗೆಯಕೂಡದು, ಅಲ್ಲಿನ ತೇವ ಈಗಿರುವಂತೆಯೇ ಇರತಕ್ಕದ್ದು. ಬರೆದದ್ದನ್ನು ಗಟ್ಟಿಯಾಗಿ ಓದಿದಾಗ ರಾಮಯ್ಯನವರು ಚಪ್ಪಾಳೆ ತಟ್ಟಿದರು. ಶಮೀಮ್ ಎಲ್ಲಿಂದಲೋ ಚೆಂಡುಹೂವಿನ ಹಾರ ತಂದು ಹಾಕಿದ. ಮದುವೆಯಾದ ಮೇಲೆ ಗುರುಶಾಂತಪ್ಪನವರ ಕೊರಳಿಗೆ ಬಿದ್ದ ಮೊದಲ ಹಾರವದು.

ರಾಮಯ್ಯನವರು ಫೋನ್ ಮಾಡಿದ್ದೇ ತಡ, ನೀರಿನ ಕಚೇರಿಯ ಇಂಜಿನಿಯರ್ ಬೃಂದಾ ಸ್ಕೂಟರಿನಲ್ಲಿ ಬಂದಿಳಿದಳು.

"ಇಷ್ಟು ಕ್ಲಿಯರಾಗಿ ಯಾರೂ ಬರ್ಕೊಡಲ್ಲ ಸಾರ್," ಎಂದು ಖುಷಿಯಿಂದ ಸಹಿ ಮಾಡಿ, ಸೀಲ್ ಒತ್ತಿದಳು. ಆಮೇಲೆ ಮೂಲೆಯ ಕಡೆ ನೋಡಿ ಹುಬ್ಬುಗಂಟಿಕ್ಕಿದಳು. "ಏಪ್ರಿಲ್‌ನಲ್ಲಿ ಇಷ್ಟೊಂದು ಕೆಸರಾ?"

ಸ್ಕೂಟರಿನಿಂದ ಕಬ್ಬಿಣದ ಸಲಾಕೆ ತಂದು ಮೂಲೆಯ ಅಂಚಿನಲ್ಲಿ ನೆಲಕ್ಕೆ ಊರಿ, ಅದರ ಮೇಲ್ತುದಿಗೆ ಕಿವಿಗೊಟ್ಟಳು. "ನೀವೂ ಕೇಳಿ ಸಾರ್."

ಮೇಷ್ಟರು ಕಿವಿಯಿಟ್ಟರು. ಗುಳುಗುಳು ಸದ್ದು. ತಮ್ಮ ನಲ್ಲಿಯಲ್ಲಿ ಕೇಳಬೇಕೆಂದು ಎರಡು ವರ್ಷ ಹಂಬಲಿಸಿದ ಸದ್ದು.

"ನಿಮ್ ಬೀದಿಗೆ ಬರೋ ಮೇನ್ ಪೈಪು. ಒಡೆದು ನೀರೆಲ್ಲ ಇಲ್ಲೇ ಹೋಗ್ತಿದೆ. ಇದನ್ನ ರಿಪೇರಿ ಮಾಡಿದ್ರೆ ಸಾಯಂಕಾಲಾನೇ ಮನೆಮನೆಗೂ ನೀರು. ಟ್ಯಾಂಕೇ ಬೇಡ!"

"ಅಗೀರಿ ಮೇಡಂ!" ರಾಮಯ್ಯ ಕೂಗಿದರು.

"ಹೇಗ್ ಅಗೀಲಿ? ಅಗೆಯಕೂಡದು ಅಂತ ಸಾರ್ ಬರ್ದಿದಾರೆ, ನಾನೂ ಸೀಲ್ ಹಾಕ್ಬಿಟ್ಟಿದೀನಿ."

"ಹಾಗಾದ್ರೆ ಟ್ಯಾಂಕಾದ್ರೂ ಕಟ್ಟಿ!"

"ಅದು ತುಂಬ್ಬೇಕಾಗಿದ್ದೂ ಇದೇ ಪೈಪಿಂದ. ಸೋರೋ ಪೈಪಿಗೆ ನೀರು ಬಿಡೋಕೂ ಆಗಲ್ಲ. ಮೇಲಿನವ್ರು ತೀರ್ಮಾನ ಮಾಡೋ ತನಕ ವಾಲ್ವ್ ಮುಚ್ತೀನಿ."

"ಗಿಡ ಒಣಗಿ ಹೋಗುತ್ತಲ್ಲಮ್ಮಾ!" ಎಂದರು ಮೇಷ್ಟರು.

"ತೇವ ಇರ್ಬೇಕು ಅಂತ ಬರೆದವ್ರೇ ನೋಡ್ಕೊಳ್ಬೇಕು ಸಾರ್," ಎಂದು ಬೃಂದಾ ಸ್ಕೂಟರ್ ಹತ್ತಿದಳು. ಶಮೀಮ್ ಮೇಷ್ಟರ ಕೊರಳಿನ ಹಾರ ವಾಪಸ್ ತೆಗೆದುಕೊಂಡ.

ಸಂಜೆ ಟ್ಯಾಂಕರ್ ಹಾರ್ನ್ ಹೊಡೆಯಿತು. ಗುರುಶಾಂತಪ್ಪನವರು ಎಂದಿನಂತೆ ಓಡಿ, ನೂಕಾಡಿ, ಕೊಡ ತುಂಬಿಸಿ ಎಡಹೆಗಲಿಗೇರಿಸಿಕೊಂಡರು. ಬಾಗಿಲಲ್ಲಿ, ಮೂಲೆಯ ಸುದ್ದಿಯೆಲ್ಲ ಆಗಲೇ ಕೇಳಿದ್ದ ವಿಮಲಾಕ್ಷಿ ಇಳಿಸಿಕೊಳ್ಳಲು ಕೈ ಚಾಚಿದರು. ಮೇಷ್ಟರು ಹೆಂಡತಿಯ ಮುಖ ನೋಡದೆ, ಮನೆ ದಾಟಿ ಬಯಲಿನ ಕಡೆ ನಡೆದರು.

"ರೀ," ಹಿಂದಿನಿಂದ ದನಿ ಬಂತು. "ಸೊಳ್ಳೆ ತಿಂದು ಬಾಯಾರಿರುತ್ತೆ ಪಾಪ. ಇನ್ನೊಂದು ಕೊಡಾನೂ ಹಾಕಿ ಬನ್ನಿ!"