ಹದಿನೇಳು ಪ್ಲೇಟ್ ಇಡ್ಲಿ

ಹೊಸದನ್ನು ಲೋಕಕ್ಕಿಂತ ಮೊದಲು ತಮ್ಮ ಮೇಲೆ ಪ್ರಯೋಗಿಸಿಕೊಂಡ ಧೀರರಿಂದಲೇ ಮನುಕುಲ ಇಷ್ಟು ದೂರ ಬಂದಿದೆ. ನಮ್ಮ ಭಾವನವರು ಮಾತ್ರ ಇಂಥ ಪ್ರಯೋಗಕ್ಕೆ ಒಪ್ಪಿದ್ದು ಮನೆಯಲ್ಲಿ ಕೂರಲಾಗದೆ!

ಭಾವನವರೆಂದರೆ ಅಕ್ಕನ ಗಂಡ. ದಾದರಿನ ಹೋಟೆಲೊಂದರಲ್ಲಿ ನಲವತ್ತು ವರ್ಷ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಅವರು ಕುಳಿತದ್ದನ್ನು ಕಂಡವರಿಲ್ಲ. ದಹಿಸರಿನಲ್ಲಿ ಖಾಲಿ ಲೋಕಲ್ ರೈಲು ಸಿಕ್ಕರೂ ಬಾಗಿಲಲ್ಲೇ ನಿಲ್ಲುತ್ತಾರೆ. ಮದುವೆಗೆ ಹೋದರೆ ಪಂಕ್ತಿಯಲ್ಲಿ ಕೂರದೆ ಬಡಿಸುವವರ ಬೆನ್ನು ಹತ್ತುತ್ತಾರೆ. ಊಟಕ್ಕೆ ಕರೆದದ್ದು ತಾನೋ ಇವರೋ ಎಂದು ಮದುಮಗನ ಅಪ್ಪನಿಗೇ ಅನುಮಾನ ಬರಬೇಕು!

ನನ್ನ ಮಗಳು ಕಾಂದಿವಲಿಯ ಪುಟ್ಟ ಕಂಪನಿಯೊಂದರಲ್ಲಿ ಹೊಸಬಳು. ಹೋಟೆಲಿನ ಟೇಬಲ್ಲಿನಿಂದ ಫೋನಿನಲ್ಲೇ ಆರ್ಡರ್ ಕೊಡುವ ಆ್ಯಪ್ ಅವಳದು. ಸೋಮವಾರ ಅದು ಬಿಡುಗಡೆಯಾದರೆ ಅವಳ ಕೆಲಸ ಕಾಯಂ. ಅದಕ್ಕೆ ಮೊದಲು ಹೊರಗಿನ ಹತ್ತು ಜನ ಬಳಸಿ ನೋಡಬೇಕು. ಹೋಟೆಲಿನಂತೆ ಟೇಬಲ್ ಜೋಡಿಸಿದ ಆಫೀಸಿಗೆ ಭಾವನವರನ್ನೂ ನನ್ನನ್ನೂ ಎಳೆದೊಯ್ದಳು.

ಸೂಚನೆ ಸರಳ: ಕೂರಿ, ಒಂದು ಪ್ಲೇಟ್ ಇಡ್ಲಿ ಒತ್ತಿ, ಅಭಿಪ್ರಾಯ ಬರೆಯಿರಿ. ಭಾವನವರು ಮೊದಲ ಪದದಲ್ಲೇ ಸೋತರು. ಟೇಬಲ್ ಟೇಬಲ್ ಸುತ್ತಿ, “ನಿಮಗೆಂತ ಬೇಕು? ಬಿಸಿ ವಡೆ ಉಂಟು!” ಎಂದು ಎಲ್ಲರ ಆರ್ಡರನ್ನೂ ಬಾಯಲ್ಲೇ ಪಡೆದು, ಮಗಳ ಕಂಪ್ಯೂಟರಿನತ್ತ ತಿರುಗಿ ಕೂಗಿದರು: “ಚಾರ್ ಇಡ್ಲಿ, ದೋ ವಡಾ, ತೀನ್ ಕಟಿಂಗ್ ಚಾಯ್!” ಫೋನನ್ನು ಯಾರೂ ಮುಟ್ಟಲಿಲ್ಲ. ಅಭಿಪ್ರಾಯದ ಹಾಳೆಯಲ್ಲಿ ಎಲ್ಲರೂ ಐದಕ್ಕೈದು ನಕ್ಷತ್ರ ಕೊಟ್ಟರು. ಭಾವನವರಿಗೆ!

“ಅಂಕಲ್, ಆಪ್ ಬೈಠೋ ನಾ!” ಎಂದು ಮಗಳ ಬಾಸ್ ಕುರ್ಚಿ ತೋರಿಸಿ ಕೈಮುಗಿದ.

“ಕೂತ್ರೆ ಗಿರಾಕಿ ಓಡಿಹೋಗ್ತಾನೆ ಮಾರಾಯ,” ಎಂದು ನನ್ನತ್ತ ಗೊಣಗಿ ಭಾವನವರು ಕಡೆಗೂ ಕುಳಿತರು. ಬೆರಳಿಟ್ಟರು. ಪರದೆಯಲ್ಲಿ ಹದಿನೇಳು ಪ್ಲೇಟ್ ಇಡ್ಲಿ!

ಕೋಣೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಭಾವನವರೇ. “ಅಂಕಲ್ ಕೀ ಮಸ್ತಿ ಹೈ, ಛೋಡ್ ದೋ,” ಎಂದು ಬಾಸ್ ಅದನ್ನು ತಮಾಷೆಯೆಂದು ಬಿಟ್ಟುಬಿಟ್ಟ. ಮಗಳು ನಗಲಿಲ್ಲ. ಕುರ್ಚಿ ಎಳೆದುಕೊಂಡು ಅವರ ಪಕ್ಕ ಕುಳಿತಳು.

“ಮಾಮ, ಇನ್ನೊಂದ್ ಸಲ ಒತ್ತಿ ನಾ, ಪ್ಲೀಸ್.”

ಭಾವನವರು ಬಲಗೈಯನ್ನು ಜೇಬಿಗಿಳಿಸಿದರು. “ಎರಡು ವರ್ಷದಿಂದ ಹೀಗೇ ನಡುಗ್ತದೆ ಮಗಾ. ತಿರುಗ್ತಾ ಇದ್ರೆ ಯಾರಿಗೂ ಗೊತ್ತಾಗುದಿಲ್ಲ. ಅತ್ತೆಗೆ ಹೇಳ್ಬೇಡ.”

ಆ ತಿರುಗಾಟದ ಮೇಲೆ ಜೋಕು ಕಟ್ಟಿ ಹಂಚಿದವನು ನಾನು. ಅಂದು ಒಂದೂ ಹೊಳೆಯಲಿಲ್ಲ.

ನಡುಗುವ ಬೆರಳಿಗೂ ಒಂದೇ ಪ್ಲೇಟ್ ಬರುವವರೆಗೆ ಬಿಡುಗಡೆ ಬೇಡವೆಂದು ಮಗಳು ಬಾಸಿಗೆ ಹೇಳಿದಳು.

“ಮಂಡೇ ಗಯಾ ತೋ ಕನ್‌ಫರ್ಮೇಶನ್ ಭೀ ಗಯಾ,” ಎಂದ ಬಾಸ್. ಸೋಮವಾರ ತಪ್ಪಿದರೆ ಕಾಯಂ ಕೆಲಸವೂ ತಪ್ಪಿತು!

“ಜಾನೇ ದೋ,” ಹೋದರೆ ಹೋಗಲಿ ಎಂದಳು ಮಗಳು.

ಆ್ಯಪ್ ಹದಿನೈದು ದಿನ ತಡವಾಗಿ ಹೊರಬಂತು. ಮಗಳ ಕೆಲಸ ಇನ್ನೂ ಕಾಯಂ ಆಗಿಲ್ಲ.